ಮೇಜಿಗೆ ಏರಿಳಿಯಲು ಬರುತ್ತದೆ, ನಮಗೆ?

ತರಬೇತಿ ಕೊಟ್ಟು ಮೂರು ತಿಂಗಳಾಗಿತ್ತು. ಒಂದು ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ನಮ್ಮ ಆಫೀಸಿನ ಮಹಡಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿದೆ. ನಲವತ್ತಕ್ಕೂ ಜಾಸ್ತಿ ಹೊಸ ಟೇಬಲ್‌ಗಳು. ಬಟನ್ ಒತ್ತಿದರೆ ಮೆಲ್ಲಗೆ ಗುಂಯ್ ಅನ್ನುತ್ತಾ ಏರುವ, ಇಳಿಯುವ ಟೇಬಲ್‌ಗಳು. ಎಲ್ಲವೂ ಒಂದೇ ಎತ್ತರದಲ್ಲಿದ್ದವು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಮೂಲೆಯಲ್ಲಿ ಒಂದು ಮಾತ್ರ ಪೂರ್ತಿ ಮೇಲಕ್ಕೆ ಹೋಗಿತ್ತು. ಸದ್ಯ, ಒಬ್ಬರಾದರೂ ಬಳಸುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ಅದರ ಕೆಳಗೆ ರಟ್ಟಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಡಬ್ಬ ಹಿಡಿಸಲಿ ಅಂತ ಟೇಬಲ್ ಏರಿಸಿದ್ದರು, ಅಷ್ಟೇ.

ಆ ಟೇಬಲ್‌ಗಳನ್ನು ಹೇಗೆ ಬಳಸಬೇಕು ಅಂತ ಎಲ್ಲರಿಗೂ ಕಲಿಸಿದವಳು ನಾನೇ.

ನನ್ನ ಕ್ಲಾಸು ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಮೀಟಿಂಗ್ ಹಾಲಿನಲ್ಲಿ ಒಂದು ಗಂಟೆ, ಮೂವತ್ತೆರಡು ಸ್ಲೈಡ್. ಕೂರುವುದು ಎಷ್ಟು ಕೆಟ್ಟದ್ದು ಅಂತ ಹೇಳಲು ಅಷ್ಟೂ ಜನರನ್ನು ಒಂದು ಗಂಟೆ ಅಲುಗಾಡದೆ ಕೂರಿಸಿದ್ದೆ. ಆಗ ಅದು ನನಗೆ ಹೊಳೆದಿರಲಿಲ್ಲ. ಕೂರುವುದು ಸಿಗರೇಟ್ ಸೇದಿದಷ್ಟೇ ಕೆಟ್ಟದ್ದು ಅಂತ ಎಲ್ಲೆಲ್ಲೂ ಓಡಾಡುವ ಮಾತಿದೆಯಲ್ಲ, ಅದನ್ನೂ ದೊಡ್ಡ ಅಕ್ಷರದಲ್ಲಿ ಹಾಕಿದ್ದೆ. ಅದು ಅತಿಯಾದ ಮಾತು. ಸಿಗರೇಟು ಮಾಡುವ ಹಾನಿಯ ಹತ್ತಿರಕ್ಕೂ ಕುರ್ಚಿ ಬರುವುದಿಲ್ಲ. ಹೆದರಿಸಿದರೆ ಜನ ಎದ್ದು ನಿಲ್ಲುತ್ತಾರೆ ಅನ್ನುವ ಆಸೆ ನನ್ನದು.

ನನಗೆ ತುಂಬಾ ಇಷ್ಟವಾಗಿದ್ದ ಸ್ಲೈಡ್ ಲಂಡನ್ ಬಸ್ಸಿನದು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ತಮ್ಮ ಜೊತೆಗಾರರೊಂದಿಗೆ ಲಂಡನ್ ಸಾರಿಗೆಯ ಸುಮಾರು 31,000 ಗಂಡಸರ ಲೆಕ್ಕವನ್ನು ಮುಂದಿಟ್ಟರು. ದಿನವಿಡೀ ಕೂತು ಬಸ್ ಓಡಿಸುವ ಡ್ರೈವರ್‌ಗಳಿಗೆ ಹೋಲಿಸಿದರೆ ಟಿಕೆಟ್ ಕೊಡುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. "ನೋಡಿ, ಕೂತವರಿಗೆ ಕಾಯಿಲೆ, ನಿಂತವರಿಗೆ ಆರೋಗ್ಯ" ಅಂತ ಜೋರಾಗಿ ಹೇಳಿ ಮುಂದಿನ ಸ್ಲೈಡಿಗೆ ಹೋಗಿದ್ದೆ.

ಆ ಕಂಡಕ್ಟರ್‌ಗಳು ನಿಂತಿರಲಿಲ್ಲ. ಅವು ಎರಡು ಅಂತಸ್ತಿನ ಬಸ್ಸುಗಳು. ಟಿಕೆಟ್ ಕೊಡಲು ಅವರು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಇನ್ನೊಂದು ವಿಷಯವನ್ನೂ ನಾನು ಹೇಳಿರಲಿಲ್ಲ. 1956ರಲ್ಲಿ ಇದೇ ಮಾರಿಸ್ ಇವರ ಯೂನಿಫಾರ್ಮಿನ ಅಳತೆಗಳನ್ನು ತೆಗೆದು ನೋಡಿದಾಗ, ಚಿಕ್ಕ ವಯಸ್ಸಿನವರಲ್ಲೂ ಡ್ರೈವರ್‌ಗಳ ಸೊಂಟವೇ ದಪ್ಪ ಇತ್ತು. ಅಂದರೆ ಕೆಲಸಕ್ಕೆ ಸೇರುವಾಗಲೇ ಅವರು ದಪ್ಪಗಿದ್ದಿರಬಹುದು, ಎಲ್ಲ ತಪ್ಪನ್ನೂ ಸೀಟಿನ ಮೇಲೆ ಹೊರಿಸುವ ಹಾಗಿರಲಿಲ್ಲ. ತಾನು ಕಂಡುಹಿಡಿದಿದ್ದನ್ನು ತಾನೇ ಮತ್ತೆ ಅನುಮಾನದಿಂದ ನೋಡಿದ ಆ ಮನುಷ್ಯನ ಮೇಲೆ ನನಗೆ ಈಗ ಗೌರವ ಜಾಸ್ತಿ. ನಾನಾದರೋ ಅವರ ಅರ್ಧ ಮಾತನ್ನು ಎತ್ತಿಕೊಂಡು ಚಪ್ಪಾಳೆ ಗಿಟ್ಟಿಸಿದ್ದೆ.

ಕ್ಲಾಸಿನ ಕೊನೆಗೆ ಯಾರೋ "ನಿಂತು ಕೆಲಸ ಮಾಡಿದ್ರೆ ತೂಕ ಇಳಿಯುತ್ತಾ?" ಅಂತ ಕೇಳಿದರು. "ಖಂಡಿತ" ಅಂದೆ. ಎಷ್ಟು ಇಳಿಯುತ್ತೆ ಅಂತ ಆಮೇಲೆ ಹುಡುಕಿದೆ. ಈ ಬಗ್ಗೆ ನಡೆದಿದ್ದ ಹಲವು ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕೂರುವುದಕ್ಕಿಂತ ನಿಲ್ಲುವುದರಿಂದ ನಿಮಿಷಕ್ಕೆ 0.15 ಕಿಲೋಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ ಅಂತ ಸಿಕ್ಕಿತು. ಆರು ಗಂಟೆ ನಿಂತರೆ 54. ಯಾರೂ ಆರು ಗಂಟೆ ನಿಲ್ಲಬಾರದು ಕೂಡ. ಖಂಡಿತ ಅಂದವಳ ಮುಖ ಆಗ ನೋಡಬೇಕಿತ್ತು ನೀವು.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಮೊದಲ ವಾರ ನಮ್ಮಲ್ಲೂ ಹಾಗೇ ಆಯಿತು. ಇಡೀ ಮಹಡಿ ಎದ್ದು ನಿಂತಿತ್ತು. ಫೋಟೋ ತೆಗೆದೆವು. ನಾಲ್ಕನೆಯ ದಿನ ಡಿಸೈನ್ ವಿಭಾಗದ ಹುಡುಗಿಯೊಬ್ಬಳು ಕುಂಟುತ್ತಾ ಬಂದಳು. "ಮೇಡಂ, ನೀವು ಹೇಳಿದ್ರಿ ಅಂತ ಮೂರು ದಿನ ಬೆಳಗ್ಗೆಯಿಂದ ಸಂಜೆವರೆಗೂ ನಿಂತೆ. ಈಗ ಹಿಮ್ಮಡಿ ಊರೋಕೇ ಆಗ್ತಿಲ್ಲ" ಅಂದಳು. ಪಾದ ಊದಿತ್ತು. ನಾನು ಮುಖ ಸಣ್ಣಗೆ ಮಾಡಿಕೊಂಡು "ಎರಡು ದಿನ ಕೂತ್ಕೋಮ್ಮಾ" ಅಂದೆ. ಅವಳು ಕೂತಳು. ಆಮೇಲೆ ಏಳಲೇ ಇಲ್ಲ.

ಹೀಗೆ ಒಂದೊಂದೇ ಟೇಬಲ್ ಇಳಿಯಿತು. ಇಳಿದದ್ದು ಮತ್ತೆ ಏರಲಿಲ್ಲ. ಇದು ನಮ್ಮ ಒಂದು ಆಫೀಸಿನ ಕಥೆಯೇನೂ ಅಲ್ಲ. ಸ್ವೀಡನ್ನಿನಲ್ಲಿ ಇಂಥ ಟೇಬಲ್‌ಗಳು ಬಹಳ ಹಿಂದೆಯೇ ಬಂದವು. ಅಲ್ಲಿನ ಕೆಲವು ಕಂಪನಿಗಳಲ್ಲಿ ವಿಚಾರಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ತುಂಬಾ ಜನ ತಿಂಗಳಿಗೊಮ್ಮೆ ಬಟನ್ ಒತ್ತಿದರೆ ಹೆಚ್ಚು ಅನ್ನುವಂತಿತ್ತು. ಅದನ್ನು ಓದಿ ಸ್ವಲ್ಪ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ.

ನಿಲ್ಲುವುದರಿಂದ ಆಗುವ ತೊಂದರೆಯನ್ನು ನನ್ನ ಸ್ಲೈಡುಗಳಲ್ಲಿ ಎಲ್ಲೂ ಹಾಕಿರಲಿಲ್ಲ. ಅದು ಹೊಸ ವಿಷಯವೇ ಅಲ್ಲ. ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ 1700ರಲ್ಲೇ ಬರೆದ ಇಟಲಿಯ ವೈದ್ಯ ರಾಮಾಜಿನಿ, ಕೂತು ಕೆಲಸ ಮಾಡುವವರ ಕಷ್ಟವನ್ನು ಒಂದು ಕಡೆ ಬರೆದು, ನಿಂತು ಕೆಲಸ ಮಾಡುವವರ ಕಷ್ಟವನ್ನು ಇನ್ನೊಂದು ಕಡೆ ಬರೆದಿದ್ದ. ನಿಂತವರಿಗೆ ಕಾಲಿನ ರಕ್ತನಾಳ ಉಬ್ಬುತ್ತದೆ ಅಂತ ಅವನಿಗೆ ಗೊತ್ತಿತ್ತು. ಈಚಿನ ಲೆಕ್ಕಗಳೂ ಅದೇ ದಾರಿಯಲ್ಲಿವೆ. ಕೆನಡಾದ ಒಂಟಾರಿಯೊದಲ್ಲಿ ಸುಮಾರು 7,300 ಕೆಲಸಗಾರರನ್ನು 12 ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ನಿಂತೇ ಮಾಡುವ ಕೆಲಸಗಳಲ್ಲಿದ್ದವರಿಗೆ ಹೃದಯದ ಕಾಯಿಲೆಯ ಅಪಾಯ ಕೂತು ಕೆಲಸ ಮಾಡುವವರಿಗಿಂತ ಸುಮಾರು ಎರಡರಷ್ಟಿತ್ತು. 2024ರಲ್ಲಿ ಬ್ರಿಟನ್ನಿನ 83,000 ಜನರ ಕೈಗೆ ಕಟ್ಟಿದ, ಓಡಾಟ ಅಳೆಯುವ ಪಟ್ಟಿಗಳಿಂದ ಸಿಕ್ಕ ಮಾಹಿತಿ ಬಂತು. ಬರೀ ನಿಲ್ಲುವುದರಿಂದ ಹೃದಯಕ್ಕೆ ಲಾಭ ಕಾಣಲಿಲ್ಲ. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ನಿಂತವರಲ್ಲಿ ವೇರಿಕೋಸ್ ವೇನ್, ಅಂದರೆ ಕಾಲಿನ ನಾಳ ಉಬ್ಬುವಂಥ ರಕ್ತಸಂಚಾರದ ತೊಂದರೆಗಳು ಏರುತ್ತಾ ಹೋದವು.

ಕಾರಣ ತೀರಾ ಸರಳ. ಕಾಲಿಗಿಳಿದ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡ. ನಡೆಯುವಾಗ ಅದು ಬಿಗಿಯುತ್ತದೆ, ಸಡಿಲವಾಗುತ್ತದೆ, ಪಂಪಿನ ಹಾಗೆ ಕೆಲಸ ಮಾಡುತ್ತದೆ. ಕಂಬದ ಹಾಗೆ ನಿಂತರೆ ಪಂಪು ನಿಂತುಹೋಗುತ್ತದೆ. ರಕ್ತ ಕೆಳಗೇ ಉಳಿಯುತ್ತದೆ. ಆ ಹುಡುಗಿಯ ಪಾದ ಹೇಳಿದ್ದೂ ಇದನ್ನೇ.

ಇಲ್ಲಿಗೆ ನನಗೆ ಒಂದು ವಿಷಯ ಗಟ್ಟಿಯಾಯಿತು. ನಾನು ನಿಲ್ಲುವುದನ್ನು ಕಲಿಸಲು ಹೋಗಿದ್ದೆ. ಕಲಿಸಬೇಕಾಗಿದ್ದು ಬದಲಾಯಿಸುವುದನ್ನು. ಚಿಕ್ಕವರಿದ್ದಾಗ ದೊಡ್ಡವರು ಬೈಯುತ್ತಿದ್ದರಲ್ಲ, ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ ಅಂತ. ಈ ಟೇಬಲ್ ಮಾಡಿರುವುದೇ ಅಂಥವರಿಗೆ. ನಾವೆಲ್ಲ ಎಷ್ಟೋ ವರ್ಷ ಕಷ್ಟಪಟ್ಟು ಆ ಗುಣವನ್ನು ಬಿಟ್ಟು ಒಳ್ಳೆಯ ಮಕ್ಕಳಾದವರು. ಈಗ ಅದನ್ನೇ ವಾಪಸ್ ಕಲಿಯಬೇಕು.

ಎರಡನೇ ಸಲ ಸ್ಲೈಡ್ ಮಾಡಲಿಲ್ಲ. ಮೀಟಿಂಗ್ ಹಾಲಿಗೆ ಯಾರನ್ನೂ ಕರೆಯಲಿಲ್ಲ. ಒಬ್ಬೊಬ್ಬರ ಟೇಬಲ್ ಹತ್ತಿರ ನಾನೇ ಹೋದೆ, ತಲಾ ಇಪ್ಪತ್ತು ನಿಮಿಷ. ಕೈಯಲ್ಲಿ ಒಂದು ಅಳತೆ ಟೇಪು.

ಮೊದಲ ದಿನವೇ ನನ್ನನ್ನು ನಾಚಿಸಿದವರು ಪೇರೋಲ್ ನೋಡಿಕೊಳ್ಳುವ ಸಹೋದ್ಯೋಗಿ. ಅವರು ಗಾಲಿಕುರ್ಚಿ ಬಳಸುತ್ತಾರೆ. ನಾನು ಟೇಪು ಹಿಡಿದು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದಾಗ ಅವರೇ ನಕ್ಕು, "ಮೇಡಂ, ನಿಮ್ಮ ಮೂವತ್ತೆರಡು ಸ್ಲೈಡಲ್ಲಿ ನಾನು ಒಂದರಲ್ಲೂ ಇರಲಿಲ್ಲ. ಆದ್ರೆ ಈ ಮಹಡೀಲಿ ದಿನಾ ಈ ಟೇಬಲ್ ಬಳಸೋನು ನಾನೊಬ್ನೇ" ಅಂದರು. ಕುರ್ಚಿಯ ಕೈ ಟೇಬಲ್ಲಿನ ಅಡಿಗೆ ಸರಾಗವಾಗಿ ಹೋಗಲು ಒಂದು ಎತ್ತರ, ಕಾಗದದ ಮೇಲೆ ಬರೆಯಲು ಇನ್ನೊಂದು, ಟೈಪ್ ಮಾಡಲು ಮತ್ತೊಂದು. ಹಳೆಯ ಟೇಬಲ್ಲಿನಲ್ಲಿ ಮಂಡಿ ತಾಗುತ್ತಿತ್ತಂತೆ, ಅದಕ್ಕೆ ಅವರು ಸದಾ ಅಡ್ಡಕ್ಕೆ ತಿರುಗಿ ಕೂರುತ್ತಿದ್ದರಂತೆ. ನಾನು ಆ ಸಂಜೆ ನೋಡಿದಾಗ ಅವರ ಟೇಬಲ್ಲೂ ಎಲ್ಲರ ಸಾಲಿನಲ್ಲೇ ಇತ್ತಲ್ಲ ಅಂತ ಕೇಳಿದೆ. ಮನೆಗೆ ಹೋಗುವಾಗ ಎಲ್ಲರ ಎತ್ತರಕ್ಕೆ ಇಳಿಸಿ ಹೋಗುತ್ತೇನೆ, ಸಾಲು ಕೆಡುತ್ತದೆ ಅಂತ ಯಾರಾದರೂ ಅನ್ನಬಾರದಲ್ಲ ಅಂದರು.

ಆ ಮಾತು ಕೇಳಿ ಮುಂದಿನ ಟೇಬಲ್ಲಿಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು ನನಗೆ.

ಅವರಿಂದ ಕಲಿತದ್ದನ್ನೇ ಉಳಿದವರಿಗೆ ಹೇಳಲು ಶುರು ಮಾಡಿದೆ. ಮೊದಲು ಕೂರುವುದನ್ನು ಸರಿಮಾಡೋಣ, ನಿಲ್ಲುವುದು ಆಮೇಲೆ. ಮಾಮೂಲಿ ಆಫೀಸ್ ಟೇಬಲ್‌ಗಳು 72ರಿಂದ 75 ಸೆಂಟಿಮೀಟರ್ ಎತ್ತರ ಇರುತ್ತವೆ. 1.60 ಮೀಟರ್ ಎತ್ತರದ ಒಬ್ಬರು ಪಾದ ನೆಲಕ್ಕೂರಿ ಸರಿಯಾಗಿ ಕೂತರೆ ಅವರ ಮೊಣಕೈ 65ರ ಆಸುಪಾಸಿನಲ್ಲಿರುತ್ತದೆ. ಈ ಏಳರಿಂದ ಹತ್ತು ಸೆಂಟಿಮೀಟರಿಗಾಗಿ ಅವರು ವರ್ಷಗಟ್ಟಲೆ ಭುಜ ಎತ್ತಿಕೊಂಡೇ ಟೈಪ್ ಮಾಡಿರುತ್ತಾರೆ. ಇಲ್ಲವೆಂದರೆ ಕುರ್ಚಿ ಏರಿಸಿ, ಪಾದ ತೂಗಾಡಿಸಿಕೊಂಡು ಕೂತಿರುತ್ತಾರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಏರುವ ಟೇಬಲ್ಲಿನ ಮೊದಲ ಸುಖ ಸಿಕ್ಕಿದ್ದು ಅದನ್ನು ಇಳಿಸಿದಾಗ. ಒಬ್ಬರು ಟೇಬಲ್ ಇಳಿಸಿ, ಕೈ ಇಟ್ಟು, ಕಣ್ಣು ಮುಚ್ಚಿ "ಅಯ್ಯೋ" ಅಂದರು. ನೋವಿನ ಅಯ್ಯೋ ಅಲ್ಲ ಅದು.

ಅಳತೆಯ ಗುಟ್ಟೆಲ್ಲ ಮೊಣಕೈಯಲ್ಲಿದೆ. ಭುಜ ಕೆಳಗೆ ಬಿಡಿ, ಮೇಲ್ತೋಳು ಪಕ್ಕೆಗೆ ಹತ್ತಿರ ಇರಲಿ, ಮೊಣಕೈ ಮಡಿಸಿ. ಆಗ ಮುಂಗೈ ಎಲ್ಲಿ ಬರುತ್ತದೋ ಅಲ್ಲಿ ಕೀಬೋರ್ಡ್ ಇರಬೇಕು. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಬಾಗಬಾರದು. ನಿಂತಾಗಲೂ ಇದೇ ನಿಯಮ. 1.60 ಮೀಟರ್‌ನವರಿಗೆ ನಿಂತಾಗ ಅದು ಹೆಚ್ಚು ಕಡಿಮೆ 1 ಮೀಟರ್ ಆಗುತ್ತದೆ, ಚಪ್ಪಲಿಯ ದಪ್ಪ ಬೇರೆ. ಹಿಮ್ಮಡಿ ಎತ್ತರದ ಶೂ ಹಾಕಿ ಬಂದ ದಿನ ಲೆಕ್ಕ ಬದಲಾಗುತ್ತದೆ. ಪಕ್ಕದವರ ನಂಬರನ್ನು ಕಾಪಿ ಮಾಡುವುದಂತೂ ಬೇಡವೇ ಬೇಡ. ಮೊದಲ ವಾರದಲ್ಲಿ ಎಲ್ಲರೂ 110ಕ್ಕೆ ಇಟ್ಟುಕೊಂಡಿದ್ದರು. ಯಾಕೆ ಅಂತ ಕೇಳಿದರೆ, ನನ್ನ ಸ್ಲೈಡಿನ ಚಿತ್ರದಲ್ಲಿ ಆ ನಂಬರ್ ಇತ್ತಂತೆ!

ಮಾನಿಟರ್ ವಿಷಯದಲ್ಲಿ ನಾನೇ ದಡ್ಡಿಯಾಗಿದ್ದೆ. ಟೇಬಲ್ ಏರಿದರೆ ಮಾನಿಟರ್ರೂ ಏರುತ್ತದೆ, ಮತ್ತೇನು ಅಂದುಕೊಂಡಿದ್ದೆ. ಆದರೆ ಕೂತಾಗ ನಾವು ಗೊತ್ತಿಲ್ಲದೆ ಸ್ವಲ್ಪ ಕುಸಿದಿರುತ್ತೇವೆ. ನಿಂತಾಗ ಬೆನ್ನು ನೆಟ್ಟಗಾಗುತ್ತದೆ. ಮೊಣಕೈಗೂ ಕಣ್ಣಿಗೂ ನಡುವಿನ ದೂರ ಹೆಚ್ಚುತ್ತದೆ. ಕೂತಾಗ ಸರಿಯಿದ್ದ ಪರದೆ ನಿಂತಾಗ ಕೆಳಗಾಗುತ್ತದೆ, ಕತ್ತು ಬಗ್ಗುತ್ತದೆ. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ಒಂದಿಷ್ಟು ಕೆಳಕ್ಕೆ, ದೂರ ಒಂದು ತೋಳಿನಷ್ಟು. ಓದುವ ಭಾಗ ಕೆಳಗಿರುವ ಕನ್ನಡಕ ಹಾಕುವವರಿಗೆ ಇದು ಸಾಲದು. ಅವರು ಆ ಭಾಗದಿಂದ ನೋಡಲು ಗಲ್ಲ ಎತ್ತುತ್ತಾರೆ. ಅವರಿಗೆ ಪರದೆಯನ್ನು ಇನ್ನೂ ಇಳಿಸಿ ಸ್ವಲ್ಪ ಹಿಂದಕ್ಕೆ ಬಾಗಿಸಬೇಕು. ಲ್ಯಾಪ್‌ಟಾಪ್ ಒಂದನ್ನೇ ಇಟ್ಟುಕೊಂಡು ನಿಲ್ಲುವವರಿಗೆ ಯಾವ ಎತ್ತರವೂ ಸರಿಹೋಗುವುದಿಲ್ಲ. ಕೈಗೆ ಸರಿಮಾಡಿದರೆ ಕತ್ತು ಹೋಯಿತು, ಕತ್ತಿಗೆ ಸರಿಮಾಡಿದರೆ ಭುಜ ಹೋಯಿತು. ಬೇರೆ ಕೀಬೋರ್ಡ್ ಬೇಕೇ ಬೇಕು.

ನಂಬರುಗಳು ಸಿಕ್ಕ ಮೇಲೆ ಅವನ್ನು ಟೇಬಲ್ಲಿನ ಮೆಮೊರಿ ಬಟನ್ನಿಗೆ ಹಾಕಿಕೊಟ್ಟೆ. ಒಂದು ಒತ್ತಿದರೆ ಕೂರುವ ಎತ್ತರ, ಎರಡು ಒತ್ತಿದರೆ ನಿಲ್ಲುವ ಎತ್ತರ. ಇದು ಸಣ್ಣ ಕೆಲಸ ಅನಿಸಬಹುದು. ಆದರೆ ಪ್ರತಿ ಸಲ ಬಾಣದ ಗುರುತು ಒತ್ತಿ ಹಿಡಿದು ಸಾಕಾ, ಇನ್ನೂ ಬೇಕಾ ಅಂತ ನೋಡುವವರು ಎರಡು ದಿನಕ್ಕೆ ಕೈಬಿಡುತ್ತಾರೆ.

ಒಬ್ಬರ ಟೇಬಲ್ ಯಾಕೆ ಯಾವತ್ತೂ ಏರಲಿಲ್ಲ ಅನ್ನುವುದೂ ಹೀಗೇ ಗೊತ್ತಾಯಿತು. ಮಾನಿಟರಿನ ವೈರು ಗಿಡ್ಡ. ಮೊದಲ ದಿನ ಏರಿಸಿದಾಗ ವೈರು ಎಳೆದು ಪರದೆ ಕಪ್ಪಾಯಿತಂತೆ. ಮೂರು ತಿಂಗಳು ಅವರು ಅದನ್ನು ಯಾರಿಗೂ ಹೇಳಲಿಲ್ಲ, ತಾನೇ ಏನೋ ಕೆಡಿಸಿದೆ ಅಂತ ಹೆದರಿಕೆ. ಇನ್ನೊಬ್ಬರು ಟೇಬಲ್ ಇಳಿಸುವಾಗ ಕುರ್ಚಿಯ ಕೈ ಅಡಿಗೆ ಸಿಕ್ಕಿ ಟೇಬಲ್ ತಾನೇ ಸ್ವಲ್ಪ ಮೇಲಕ್ಕೆ ಹೋಗಿ ನಿಂತುಬಿಟ್ಟಿತು. ಏನಾದರೂ ಅಡ್ಡ ಬಂದರೆ ಹಾಗೆ ಹಿಂದೆ ಸರಿಯಲೆಂದೇ ಅದರಲ್ಲಿ ಸೆನ್ಸರ್ ಇದೆ. ಅವರು ಟೇಬಲ್ ಕೆಟ್ಟಿತು ಅಂದುಕೊಂಡರು. ಮೀಟಿಂಗ್ ಹಾಲಿನ ಯಾವ ಸ್ಲೈಡ್ ಇದನ್ನೆಲ್ಲ ಹೊರಗೆ ತರುತ್ತಿತ್ತು, ಹೇಳಿ?

ಹೇಗೆ ನಿಲ್ಲಬೇಕು ಅನ್ನುವುದಕ್ಕೆ ಹೆಚ್ಚು ಹೇಳಲು ಇಲ್ಲ. ಮಂಡಿ ಬಿಗಿ ಹಿಡಿಯಬೇಡಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ಸೊಂಟ ವಾಲಿಸಬೇಡಿ. ಒಂದು ಪಾದ ಇಡಲು ಗಿಡ್ಡ ಮಣೆಯಂಥದ್ದು ಏನಾದರೂ ಇರಲಿ, ಆಗಾಗ ಕಾಲು ಬದಲಾಯಿಸಿ. ನೆಲ ಗಟ್ಟಿಯಿದ್ದರೆ ಮೆತ್ತನೆ ಮ್ಯಾಟು ಹಾಕಿ. ಟೇಬಲ್ಲಿನ ಮೇಲೆ ಮೊಣಕೈ ಊರಿ ಜೋತುಬಿದ್ದಿರೋ, ದೇಹ ಸಾಕು ಅಂತ ಹೇಳುತ್ತಿದೆ ಅಂತ ಅರ್ಥ. ಕೂತುಬಿಡಿ. ಕಾಲಿನಲ್ಲಿ ಉಬ್ಬಿದ ನಾಳ ಇರುವವರು, ಬಸುರಿಯರು, ಮಂಡಿ ನೋವಿರುವವರು ತಮ್ಮ ಡಾಕ್ಟರ ಮಾತು ಕೇಳಲಿ, ನನ್ನದಲ್ಲ.

ಎಷ್ಟು ಹೊತ್ತು ಅನ್ನುವುದೇ ಎಲ್ಲರ ಪ್ರಶ್ನೆ. ಕಾರ್ನೆಲ್ ವಿಶ್ವವಿದ್ಯಾಲಯದ ಅಲನ್ ಹೆಜ್ ಎಂಬುವರ ಒಂದು ಲೆಕ್ಕ ಇದೆ. ಅರ್ಧ ಗಂಟೆಯಲ್ಲಿ 20 ನಿಮಿಷ ಕೂರಿ, 8 ನಿಮಿಷ ನಿಲ್ಲಿ, 2 ನಿಮಿಷ ಓಡಾಡಿ. 2015ರಲ್ಲಿ ಬ್ರಿಟನ್ನಿನಲ್ಲಿ ತಜ್ಞರ ಗುಂಪೊಂದು ಕೆಲಸದ ಹೊತ್ತಿನಲ್ಲಿ ನಿಲ್ಲುವುದು ಮತ್ತು ಹಗುರ ಓಡಾಟ ಎರಡೂ ಸೇರಿ ಮೊದಲು 2 ಗಂಟೆ, ಮುಂದೆ ಮೆಲ್ಲಗೆ 4 ಗಂಟೆಯವರೆಗೆ ಅಂತ ಸಲಹೆ ಕೊಟ್ಟಿತು. ಎರಡನ್ನೂ ಹೇಳಿ, ಎರಡನ್ನೂ ಮರೆತುಬಿಡಿ ಅನ್ನುತ್ತಿದ್ದೆ. ಮೊದಲ ವಾರ ದಿನಕ್ಕೆ ಎರಡೇ ಸಲ, ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಹೆಜ್ ಲೆಕ್ಕದ 2 ನಿಮಿಷ ಮತ್ತು 8 ನಿಮಿಷದಲ್ಲಿ ಎಲ್ಲರೂ 8ನ್ನು ಹಿಡಿದುಕೊಳ್ಳುತ್ತಾರೆ. ನನ್ನ ಕಣ್ಣಿಗೆ 2ರದ್ದೇ ತೂಕ ಹೆಚ್ಚು. ಲಂಡನ್ ಕಂಡಕ್ಟರ್‌ಗಳನ್ನು ನೆನೆಸಿಕೊಳ್ಳಿ.

ಜ್ಞಾಪಿಸಲು ಅಲಾರಂ ಇಟ್ಟುಕೊಳ್ಳುವುದು ನನಗೆ ಇಷ್ಟವಿಲ್ಲ. ನಾಲ್ಕು ದಿನ ಹೊಡೆಯುತ್ತದೆ, ಐದನೆಯ ದಿನ ನಾವು ಅದರ ಬಾಯಿ ಮುಚ್ಚಿಸುತ್ತೇವೆ. ಅದರ ಬದಲು ಕೆಲಸಕ್ಕೇ ಗಂಟು ಹಾಕಿ ಅಂದೆ. ಫೋನ್ ಬಂದರೆ ಏಳುವುದು. ಸೀಟಿನಿಂದ ಎಲ್ಲಿಗೋ ಹೋಗಿ ಬಂದಾಗ ಕೂರುವ ಮೊದಲು ಟೇಬಲ್ ಏರಿಸುವುದು, ಹೇಗೂ ಎದ್ದಾಗಿದೆಯಲ್ಲ. ಮೇಲ್ ಓದುವುದು, ಮಾತಾಡುವುದು ನಿಂತು. ಕೂದಲೆಳೆಯಷ್ಟು ಸೂಕ್ಷ್ಮವಾದ ಮೌಸ್ ಕೆಲಸ, ತಲೆ ಪೂರ್ತಿ ಬೇಕಾದ ಬರವಣಿಗೆ ಕೂತು. ಡಿಸೈನ್ ಹುಡುಗಿ ಮತ್ತೆ ಶುರು ಮಾಡಿದ್ದು ಹೀಗೆ. ಚಿತ್ರ ಬರೆಯುವಾಗ ಕೂರುತ್ತಾಳೆ, ಬೇರೆಯವರ ಚಿತ್ರಕ್ಕೆ ತಪ್ಪು ಹುಡುಕುವಾಗ ನಿಲ್ಲುತ್ತಾಳೆ. ನಿಂತರೆ ತಪ್ಪು ಬೇಗ ಕಾಣುತ್ತದಂತೆ. ಇದಕ್ಕೆ ಯಾವ ಆಧಾರವೂ ಇಲ್ಲ, ಅವಳ ಮಾತು ಅಷ್ಟೇ.

ಇಷ್ಟೆಲ್ಲ ಆದಮೇಲೂ ಕೆಲವರು ಏಳಲಿಲ್ಲ. ಅಕೌಂಟ್ಸ್‌ನ ಹಿರಿಯರೊಬ್ಬರ ಟೇಬಲ್, ವೈರು, ಮಾನಿಟರ್, ಮೊಣಕೈ ಎಲ್ಲ ಸರಿ ಇತ್ತು. ಬೆನ್ನು ನೋವೂ ಇತ್ತು. ಆದರೂ ಏಳರು. "ಯಾಕೆ ಸರ್?" ಅಂತ ಕೇಳಿದೆ. ಸುತ್ತ ನೋಡಿ ಮೆಲ್ಲಗೆ ಹೇಳಿದರು. "ನಿಂತ್ಕೊಂಡ್ರೆ ಎಲ್ರೂ ನನ್ನನ್ನೇ ನೋಡ್ತಾರಮ್ಮ. ಏನಾದ್ರೂ ಬೇಕಿತ್ತಾ ಸರ್ ಅಂತ ಕೇಳ್ತಾರೆ. ಕೆಲಸ ಬಿಟ್ಟು ನಿಂತಿದೀನಿ ಅಂತ ಅಂದ್ಕೋತಾರೆ."

ಕೆಲಸ ಬಿಟ್ಟು ನಿಂತಿದ್ದೇನೆ. ಆ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಮಾತಿನಲ್ಲೇ ಹಾಗಿದೆ ಅಲ್ವಾ? ನಿಲ್ಲುವುದು ಅಂದರೆ ಎದ್ದು ನಿಲ್ಲುವುದೂ ಹೌದು, ಸ್ತಬ್ಧವಾಗುವುದೂ ಹೌದು. ಕೆಲಸ ನಿಂತಿದೆ, ಗಡಿಯಾರ ನಿಂತಿದೆ, ಮಳೆ ನಿಂತಿತು. ಶ್ರದ್ಧೆಗೆ ಮಾತ್ರ ಕೂರುವುದು. ಕೂತು ಓದು, ಗಟ್ಟಿಯಾಗಿ ಕೂತು ಮುಗಿಸು, ಒಂದು ದಿನ ಕೂತು ಮಾತಾಡೋಣ. ತಪ್ಪು ಮಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಇಷ್ಟು ವರ್ಷ ಹೀಗೆ ಕೇಳಿಕೊಂಡು ಬಂದವರಿಗೆ ಒಂದು ಬಟನ್ ಕೊಟ್ಟು, ನಿಂತು ಕೆಲಸ ಮಾಡಿ ಅಂದರೆ ಮನಸ್ಸು ಒಪ್ಪಬೇಕಲ್ಲ. ನಾನು ಮೊಣಕೈ ಅಳೆಯುತ್ತಿದ್ದೆ, ಅವರು ಸಂಕೋಚವನ್ನು ಅಳೆಯುತ್ತಿದ್ದರು.

ಅದಕ್ಕೆ ಟೇಪು ಸಾಲದು. ಅವರ ಮ್ಯಾನೇಜರ್ ಹತ್ತಿರ ಹೋದೆ. ಏನೂ ಭಾಷಣ ಬೇಡ ಸರ್, ದಿನಕ್ಕೆ ಎರಡು ಸಲ ನೀವು ಎದ್ದು ನಿಂತು ಕೆಲಸ ಮಾಡಿ, ಸಾಕು ಅಂದೆ. ಅವರಿಗೂ ಅದೇ ಸಂಕೋಚ! ತಾವು ನಿಂತರೆ ಜನರ ಮೇಲೆ ಕಣ್ಣಿಡುತ್ತಿದ್ದೇನೆ ಅಂದುಕೊಂಡಾರು ಅಂತ. ಒಂದು ವಾರ ಒದ್ದಾಡಿ ಕೊನೆಗೆ ಒಂದು ದಿನ ಫೋನಿನಲ್ಲಿ ಮಾತಾಡುತ್ತಾ ಟೇಬಲ್ ಏರಿಸಿದರು. ಎರಡು ದಿನ ಬಿಟ್ಟು ನಮ್ಮ ಹಿರಿಯರು ಎದ್ದರು. ಯಾರೂ ಅವರನ್ನು ನೋಡಲಿಲ್ಲ. ನಾನು ಮಾತ್ರ ಕಂಬದ ಮರೆಯಿಂದ ನೋಡಿದೆ.

ಟೇಬಲ್ ಕೊಟ್ಟರೆ ಸಾಕಾ, ಕಲಿಸಬೇಕಾ ಅನ್ನುವ ವಾದ ಆಫೀಸುಗಳಲ್ಲಿ ಆಗಾಗ ಬರುತ್ತದೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದ 756 ಕಚೇರಿ ನೌಕರರ ಮೇಲೆ ನಡೆದ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು. ಮಾಹಿತಿ, ಪ್ರೋತ್ಸಾಹ, ಗುಂಪಿನ ಚರ್ಚೆ ಇಷ್ಟನ್ನು ಮಾತ್ರ ಕೊಟ್ಟ ಕಡೆ ಒಂದು ವರ್ಷದ ನಂತರ ಕೂರುವ ಹೊತ್ತು ದಿನಕ್ಕೆ 22 ನಿಮಿಷ ಕಡಿಮೆಯಾಗಿತ್ತು. ಅದರ ಜೊತೆ ಏರಿಳಿಯುವ ಟೇಬಲ್ಲನ್ನೂ ಕೊಟ್ಟ ಕಡೆ 64 ನಿಮಿಷ. ಅಂದರೆ ನನ್ನಂಥವರ ಬಾಯಿಮಾತಿನ ಬೆಲೆ ಎಷ್ಟು ಅಂತಲೂ ಗೊತ್ತಾಯಿತು. ಹಾಗಂತ ಮಾತು ಬೇಡವೇ ಬೇಡ ಅಂತಲ್ಲ. 2013ರ ಒಂದು ಪ್ರಯೋಗದಲ್ಲಿ ಇಂಥದ್ದೇ ಟೇಬಲ್ ಕೊಟ್ಟು ಒಂದು ಗುಂಪಿಗೆ ಚೆನ್ನಾಗಿ ಕಲಿಸಿದರು, ಇನ್ನೊಂದಕ್ಕೆ ಹೆಸರಿಗಷ್ಟು ಕಲಿಸಿದರು. ಕಲಿತ ಗುಂಪಿನಲ್ಲಿ ಮೈಕೈ ನೋವು, ಕಣ್ಣಿನ ಆಯಾಸ ಕಡಿಮೆ ಇತ್ತು. ಟೇಬಲ್ ಒಂದೇ. ಕೂರುವ, ನಿಲ್ಲುವ ರೀತಿ ಬೇರೆ.

ಬೆನ್ನು ನೋವು ಪೂರ್ತಿ ಹೋಗುತ್ತಾ ಅಂತ ಈಗ ಕೇಳಿದರೆ "ಕೆಲವರಿಗೆ ಕಡಿಮೆಯಾಗಬಹುದು" ಅನ್ನುತ್ತೇನೆ. ತೂಕ ಇಳಿಯುತ್ತಾ ಅಂದರೆ ಇಲ್ಲ ಅನ್ನುತ್ತೇನೆ. ಕೇಳಿದವರಿಗೆ ನಿರಾಸೆಯಾಗುತ್ತದೆ. ಆಗಲಿ. ದೊಡ್ಡ ಆಸೆ ತೋರಿಸಿ ಮೂರು ತಿಂಗಳಿಗೆ ಡಬ್ಬ ಪೇರಿಸುವುದಕ್ಕಿಂತ ಅದು ವಾಸಿ.

ಮೊನ್ನೆ ಮತ್ತೆ ಒಂದು ಸಂಜೆ ಸುತ್ತು ಹಾಕಿದೆ. ಕ್ಲೀನಿಂಗ್ ಕೆಲಸದ ಅಕ್ಕ ಬಟ್ಟೆ, ಬಕೆಟ್ಟು ಹಿಡಿದು ಟೇಬಲ್ ಒರೆಸುತ್ತಾ ಬರುತ್ತಿದ್ದರು. ನನ್ನನ್ನು ನೋಡಿ ಒಂದು ಸಲ ಸೊಂಟ ನೆಟ್ಟಗೆ ಮಾಡಿಕೊಂಡರು.

"ಏನ್ ಮೇಡಂ ಇದು, ಮೊದ್ಲು ಎಲ್ಲಾ ಒಂದೇ ಸಮ ಇರೋದು. ಬಟ್ಟೆ ಎಳ್ಕೊಂಡು ಹೋದ್ರೆ ಮುಗೀತು. ಈಗ ಒಂದು ಮೇಲೆ, ಒಂದು ಕೆಳಗೆ, ಒಂದು ಮಧ್ಯದಲ್ಲಿ. ಯಾರ್ ಮಾಡ್ತಾರೆ ಹಿಂಗೆ?"

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ಒರೆಸುತ್ತಿದ್ದ ಟೇಬಲ್ ನೋಡಿದೆ. ಕೂರುವ ಎತ್ತರದಲ್ಲಿತ್ತು. ಅದರ ಆಚೆ ತುದಿ ಮುಟ್ಟಲು ಅವರು ಅರ್ಧ ಮಡಚಿಕೊಂಡು ಬಾಗಿದ್ದರು. ಈ ಮಹಡಿಯ ಅಷ್ಟೂ ಟೇಬಲ್‌ಗಳಿಗೆ ದಿನಾ ಬಾಗುವವರು ಅವರೊಬ್ಬರೇ. ಟೇಪು ಹಿಡಿದು ಎಲ್ಲರ ಹತ್ತಿರ ಹೋದವಳು ಇವರ ಹತ್ತಿರ ಹೋಗಿರಲಿಲ್ಲ.

"ಅಕ್ಕಾ, ಇಲ್ಲಿ ನೋಡಿ" ಅಂತ ಅಂಚಿನ ಬಟನ್ ತೋರಿಸಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರು ಒತ್ತಿ ಹಿಡಿದರು. ಟೇಬಲ್ ಗುಂಯ್ ಅಂತ ಏರಿತು. ಅವರ ಮೊಣಕೈಗಿಂತ ಒಂದು ಗೇಣು ಕೆಳಗೆ ಬರುವಾಗ ಅವರೇ ಕೈ ತೆಗೆದರು. ನಾನೇನೂ ಹೇಳಿರಲಿಲ್ಲ.

"ಎಲ್ಲದಕ್ಕೂ ಇದೇ ಬಟನ್ನಾ?" ಅಂತ ಕೇಳಿದರು.

"ಎಲ್ಲದಕ್ಕೂ ಇದೇ."

"ಒರೆಸಾದ್ಮೇಲೆ ವಾಪಸ್ ಇಳಿಸ್ಬೇಕಾ?"

"ಬೇಡಕ್ಕಾ. ಹಾಗೇ ಬಿಡಿ" ಅಂದೆ.